ಎಲ್ಲಾ ಹಸಿರು, ಆದ್ರೂ ಸೈಟು ನಿಧಾನ! - ಮಾನಿಟರಿಂಗ್ ಟೂಲುಗಳ ಹಿಂದಿನ ಕಥೆ

ಏನಾದರೂ ಬರೆದು ತುಂಬಾ ದಿನಗಳಾದವು. ಆಫೀಸಿನಲ್ಲಿ ಒಂದು ಕೆಲಸ ತಲೆ ತಿಂತಾ ಇತ್ತು. "ನಮ್ಮ ಅಪ್ಲಿಕೇಶನ್ನು, ಡೇಟಾಬೇಸು ಎರಡನ್ನೂ ಒಟ್ಟಿಗೆ ನೋಡೋಕೆ ಆಗುವಂಥ ಒಂದು ಕ್ಲೌಡ್ ಮಾನಿಟರಿಂಗ್ ಟೂಲ್ ಆರಿಸಿ ಕೊಡಪ್ಪಾ" ಅಂತ ಮ್ಯಾನೇಜರ್ ಹೇಳಿದ್ದರು.

ಎಲ್ಲರೂ ಮಾಡುವ ಹಾಗೆ ನಾನೂ ಎಕ್ಸೆಲ್ ಶೀಟು ತೆರೆದೆ. ಅಡ್ಡಕ್ಕೆ ಟೂಲುಗಳ ಹೆಸರು, ಉದ್ದಕ್ಕೆ ಫೀಚರುಗಳು. ಒಂದು ವಾರ ಕಷ್ಟಪಟ್ಟು ತುಂಬಿಸಿ ನೋಡಿದರೆ ಎಲ್ಲಾ ಕಾಲಮ್ಮಿನಲ್ಲೂ ರೈಟ್ ಮಾರ್ಕು! ಎಲ್ಲರೂ ಎಲ್ಲವನ್ನೂ ಮಾಡ್ತಾರಂತೆ. ಇನ್ನು ಆರಿಸೋದು ಹೇಗೆ? ಆಗ ಒಂದು ಯೋಚನೆ ಬಂತು. ಈ ಟೂಲು ಏನೇನು ಮಾಡುತ್ತೆ ಅಂತ ಕೇಳೋದರ ಬದಲು, ಇದನ್ನು ಮೊದಲು ಯಾರು, ಯಾವಾಗ, ಯಾವ ತಲೆನೋವಿಗೆ ಮಾಡಿದರು ಅಂತ ನೋಡಿದರೆ ಹೇಗೆ? ಹಾಗೆ ಓದುತ್ತಾ ಹೋದಾಗ ಸಿಕ್ಕಿದ ಕಥೆ ಇದು.

ಅದಕ್ಕೂ ಮೊದಲು ನನ್ನದೇ ಒಂದು ತಪ್ಪೊಪ್ಪಿಗೆ ಇದೆ.

ಕಳೆದ ವರ್ಷ ನಮ್ಮ ಆರ್ಡರ್ ಪೇಜು ಸಂಜೆ ಹೊತ್ತು ತುಂಬಾ ನಿಧಾನ ಆಗ್ತಿತ್ತು. ಮೀಟಿಂಗಿನಲ್ಲಿ ನಾನು ನನ್ನ ಲಾಗ್ ತೋರಿಸಿ "ಡೇಟಾಬೇಸ್ ಸ್ಲೋ ಇದೆ" ಅಂದೆ. ಲಾಗಿನಲ್ಲಿ ಹಾಗೇ ಇತ್ತು. ಸಮಯವೆಲ್ಲಾ ಡೇಟಾಬೇಸಿಗಾಗಿ ಕಾಯುವುದರಲ್ಲೇ ಹೋಗಿತ್ತು. ನಮ್ಮ ಡಿಬಿಎ ಸರ್, ಐವತ್ತರ ಹತ್ತಿರದವರು, ತಮ್ಮ ಸ್ಲೋ ಕ್ವೆರಿ ಲಾಗ್ ತೆಗೆದು ತೋರಿಸಿದರು. ಅದು ಖಾಲಿ! "ನೋಡಪ್ಪಾ, ನನ್ನ ಕಡೆ ಎಲ್ಲಾ ಸರಿ ಇದೆ. ಬೇಕಾದ್ರೆ ಕೂತ್ಕೊಂಡು ನೀನೇ ನೋಡು" ಅಂದರು. ನಾನು ನೋಡಲಿಲ್ಲ. ನಮ್ಮ ಕಡೆ ಜನ ಜಾಸ್ತಿ ಇದ್ದೆವು, ನಮ್ಮ ಮಾತೇ ನಡೆಯಿತು. ಡೇಟಾಬೇಸನ್ನು ದೊಡ್ಡ ಮಶೀನಿಗೆ ಹಾಕಿದರು, ಬಿಲ್ಲು ಏರಿತು, ಪೇಜು ಮಾತ್ರ ಹಾಗೇ ಇತ್ತು. ಸ್ವಲ್ಪ ದಿನಕ್ಕೆ ಸರ್ ಅವರನ್ನು ನಮ್ಮ ಪ್ರಾಜೆಕ್ಟಿನಿಂದ ತೆಗೆದು ಬೇರೆ ಕಡೆ ಹಾಕಿದರು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರ್ತೀನಿ.

ಈಗ ಕಥೆ ಶುರು ಮಾಡೋಣ.

1994. ಇಂಗ್ಲೆಂಡಿನ ಲೆಸ್ಟರಿನಲ್ಲಿರುವ ಡಿ ಮಾಂಟ್‌ಫೋರ್ಟ್ ಯೂನಿವರ್ಸಿಟಿ. ಹೊರಗಿನ ಇಂಟರ್ನೆಟ್ಟಿಗೆ ಇದ್ದಿದ್ದು 64 ಕಿಲೋಬಿಟ್ಟಿನ ಒಂದೇ ಒಂದು ಲೈನು. ಲೈನು ತುಂಬಿದೆಯೋ ಖಾಲಿ ಇದೆಯೋ ಅಂತ ಎಲ್ಲರಿಗೂ ಕುತೂಹಲ. ಅಲ್ಲಿದ್ದ ಟೋಬಿಯಾಸ್ ಓಟಿಕರ್ ಎಂಬಾತ ರೂಟರಿನಿಂದ ಲೆಕ್ಕ ತೆಗೆದು ವೆಬ್ ಪೇಜಿನಲ್ಲಿ ಗ್ರಾಫ್ ಬರೆಯುವ ಒಂದು ಪರ್ಲ್ ಪ್ರೋಗ್ರಾಂ ಬರೆದ. ಅದೇ ಎಂಆರ್‌ಟಿಜಿ. 1995ರಲ್ಲಿ ಎಲ್ಲರಿಗೂ ಹಂಚಿದ. ಹಳೇ ಐಎಸ್‌ಪಿಗಳಲ್ಲಿ ಕೆಲಸ ಮಾಡಿದವರಿಗೆ ಆ ಹಸಿರು ಗುಡ್ಡದ ಮೇಲೆ ನೀಲಿ ಗೆರೆಯ ಚಿತ್ರ ಖಂಡಿತಾ ನೆನಪಿರುತ್ತೆ. 1999ರಲ್ಲಿ ಆತನೇ ಆರ್‌ಆರ್‌ಡಿಟೂಲ್ ಮಾಡಿದ. ಅದರ ಉಪಾಯ ಸರಳ: ಫೈಲಿನ ಗಾತ್ರ ಎಂದಿಗೂ ಬೆಳೆಯುವುದಿಲ್ಲ, ಹಳೇ ಲೆಕ್ಕವನ್ನು ಸರಾಸರಿ ಮಾಡಿ ಕುಗ್ಗಿಸುತ್ತಾ ಹೋಗುತ್ತೆ. ಡಿಸ್ಕ್ ದುಬಾರಿಯಾಗಿದ್ದ ಕಾಲಕ್ಕೆ ಇದು ಬಹಳ ಜಾಣತನದ ಕೆಲಸ. ಆದರೆ ಸರಾಸರಿ ಅನ್ನೋದು ಎಷ್ಟೋ ಸಂಗತಿ ಮುಚ್ಚಿಹಾಕುತ್ತೆ. ಐದು ನಿಮಿಷದಲ್ಲಿ ಇಪ್ಪತ್ತೇ ಸೆಕೆಂಡು ಸೈಟು ಸತ್ತಿದ್ದರೆ ಐದು ನಿಮಿಷದ ಸರಾಸರಿಯಲ್ಲಿ ಅದು ಕಾಣೋದು ಕಷ್ಟ.

ಎಂಆರ್‌ಟಿಜಿಯ ಪ್ರಶ್ನೆ "ಎಷ್ಟು ಹರಿಯುತ್ತಿದೆ?" ಅನ್ನೋದು. ಮುಂದಿನ ಪ್ರಶ್ನೆ "ಬದುಕಿದೆಯಾ, ಸತ್ತಿದೆಯಾ?" 1999ರಲ್ಲಿ ಅಮೆರಿಕಾದ ಈಥನ್ ಗಾಲ್‌ಸ್ಟಡ್ ಎಂಬಾತ ನೆಟ್‌ಸೇಂಟ್ ಅನ್ನೋ ಸಾಫ್ಟ್‌ವೇರ್ ಬಿಡುಗಡೆ ಮಾಡಿದ. ಹೆಸರಿನ ತಕರಾರು ಬಂದು 2002ರಲ್ಲಿ ಅದು ನಾಗಿಯೋಸ್ ಆಯ್ತು. ಆ ಹೆಸರನ್ನು ಬಿಡಿಸಿದರೆ "ಸಂತನಾಗಲೇಬೇಕು ಅನ್ನೋ ಹಟ ನನಗಿಲ್ಲ" ಅನ್ನೋ ತಮಾಷೆಯ ಅರ್ಥ ಬರುತ್ತೆ :-) ನಾಗಿಯೋಸ್ ಒಂದು ಪುಟ್ಟ ಪ್ರೋಗ್ರಾಂ ಓಡಿಸುತ್ತೆ. ಅದು 0 ಅಂದರೆ ಸರಿ ಇದೆ, 1 ಅಂದರೆ ಎಚ್ಚರಿಕೆ, 2 ಅಂದರೆ ಕೆಟ್ಟಿದೆ, 3 ಅಂದರೆ ಗೊತ್ತಿಲ್ಲ. ಇಷ್ಟೇ. ಹಸಿರು, ಹಳದಿ, ಕೆಂಪು ದೀಪಗಳಿಂದ ಇಡೀ ಡೇಟಾಸೆಂಟರನ್ನು ನೋಡುವ ಅಭ್ಯಾಸ ಆ ಕಾಲದಿಂದ ನಮಗೆ ಬಂದ ಬಳುವಳಿ. ನಮ್ಮ ಆರ್ಡರ್ ಪೇಜು ಕುಂಟುತ್ತಿದ್ದಾಗಲೂ ನಮ್ಮ ಸ್ಕ್ರೀನಿನ ತುಂಬಾ ಹಸಿರೇ ಇತ್ತು. ಯಾಕಂದರೆ ಏನೂ ಸತ್ತಿರಲಿಲ್ಲವಲ್ಲ!

ಇತ್ತ ಡೇಟಾಬೇಸಿನವರ ದಾರಿಯೇ ಬೇರೆ ಇತ್ತು. ಅವರು ನಮಗಿಂತ ಮೊದಲೇ ಆಳಕ್ಕೆ ಇಳಿದಿದ್ದರು. ಒರಾಕಲ್ 7ರ ಕಾಲಕ್ಕೇ, ಅಂದರೆ 1990ರ ದಶಕದ ಮೊದಲ ಭಾಗದಲ್ಲೇ, ಒಂದು ಸೆಷನ್ ಯಾವುದಕ್ಕಾಗಿ ಎಷ್ಟು ಹೊತ್ತು ಕಾಯ್ತಾ ಇದೆ ಅಂತ ಹೇಳುವ ವೇಟ್ ಇವೆಂಟುಗಳು ಬಂದಿದ್ದವು. ಎಷ್ಟು ಸಲ ಡಿಸ್ಕ್ ಓದಿತು ಅಂತ ಎಣಿಸೋದಲ್ಲ, ಕೆಲಸದ ಹೊತ್ತು ಮತ್ತು ಕಾಯುವ ಹೊತ್ತು ಎರಡನ್ನೂ ಕೂಡಿಸಿ ನೋಡಬೇಕು ಅನ್ನೋದು ಅಲ್ಲಿಂದ ಬೆಳೆದ ತಿಳುವಳಿಕೆ. ಆಮೇಲೆ 8ಐ ಜೊತೆ ಸ್ಟಾಟ್ಸ್‌ಪ್ಯಾಕ್, 10ಜಿ ಜೊತೆ ಎಡಬ್ಲ್ಯೂಆರ್ ಬಂದವು. ಪೋಸ್ಟ್‌ಗ್ರೆಸ್ 2009ರ 8.4 ಆವೃತ್ತಿಯಲ್ಲಿ ಪಿಜಿ ಸ್ಟಾಟ್ ಸ್ಟೇಟ್‌ಮೆಂಟ್ಸ್ ಕೊಟ್ಟಿತು. ಯಾವ ಕ್ವೆರಿ ಎಷ್ಟು ಸಲ ಓಡಿತು, ಒಟ್ಟು ಎಷ್ಟು ಸಮಯ ತಿಂದಿತು ಅಂತ ಅದರಲ್ಲಿ ಸಿಗುತ್ತೆ. ಇಷ್ಟೆಲ್ಲಾ ಇದ್ದರೂ ಇವು ಡೇಟಾಬೇಸಿನ ಕಾಂಪೌಂಡಿನ ಒಳಗಿನ ಸತ್ಯ ಮಾತ್ರ. ಕ್ವೆರಿ ಕಳಿಸಿದವರು ಯಾರು, ಯಾವ ಬಟನ್ ಒತ್ತಿದ್ದಕ್ಕೆ ಬಂತು ಅನ್ನೋದು ಅಲ್ಲಿಗೆ ಕಾಣಲ್ಲ.

ಅಪ್ಲಿಕೇಶನ್ ಕಡೆಯ ಕಥೆ 1998ರಲ್ಲಿ ಲೂ ಸರ್ನಿ ಶುರು ಮಾಡಿದ ವೈಲಿ ಟೆಕ್ನಾಲಜಿಯಿಂದ ಹಿಡಿಯಬಹುದು. ಜಾವಾ ಬೈಟ್‌ಕೋಡಿನ ಒಳಗೇ ಅಳತೆಯ ಕೋಡ್ ಸೇರಿಸಿ, ಯಾವ ಮೆಥಡ್ಡಿಗೆ ಎಷ್ಟು ಹೊತ್ತಾಯ್ತು ಅಂತ ತೋರಿಸುವುದು ಅವರ ಉಪಾಯ. 2006ರಲ್ಲಿ ಸಿಎ ಕಂಪನಿ ವೈಲಿಯನ್ನು ಕೊಂಡಿತು. 2008ರಲ್ಲಿ ಅದೇ ಸರ್ನಿ ನ್ಯೂ ರೆಲಿಕ್ ಶುರು ಮಾಡಿದ. ಆತನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಅದಲು ಬದಲು ಮಾಡಿದರೆ ಈ ಹೆಸರು ಬರುತ್ತೆ, ಬೇಕಾದ್ರೆ ಪೇಪರಿನಲ್ಲಿ ಬರೆದು ನೋಡಿ. ಅದೇ 2008ರಲ್ಲಿ, ದೆಹಲಿ ಐಐಟಿಯಲ್ಲಿ ಓದಿದ ಜ್ಯೋತಿ ಬನ್ಸಲ್ ಆಪ್‌ಡೈನಮಿಕ್ಸ್ ಕಟ್ಟಿದರು. 2017ರಲ್ಲಿ ಅದು ಇನ್ನೇನು ಶೇರು ಮಾರುಕಟ್ಟೆಗೆ ಬರಬೇಕು ಅನ್ನುವಾಗ ಸಿಸ್ಕೋ 3.7 ಬಿಲಿಯನ್ ಡಾಲರಿಗೆ ಕೊಂಡುಕೊಂಡಿತು.

ಇಷ್ಟರಲ್ಲಿ ಕ್ಲೌಡ್ ಬಂತು. 2006ರಲ್ಲಿ ಅಮೆಜಾನಿನ ಇಸಿ2, 2009ರಲ್ಲಿ ಅದಕ್ಕೆ ಕ್ಲೌಡ್‌ವಾಚ್. ನಾಗಿಯೋಸಿನಲ್ಲಿ ಪ್ರತಿ ಸರ್ವರಿನ ಹೆಸರನ್ನೂ ಫೈಲಿನಲ್ಲಿ ಬರೆದಿಡುವುದು ರೂಢಿ. ಬೆಳಿಗ್ಗೆ ಹುಟ್ಟಿ ಸಂಜೆ ಸಾಯುವ ಸರ್ವರುಗಳ ಹೆಸರು ಬರೆಯೋದು ಎಲ್ಲಿ? ಕ್ಲೌಡ್‌ವಾಚಿಗೆ ಆ ಕಷ್ಟ ಇಲ್ಲ, ಆದರೆ ಅದು ನೋಡುವುದು ಮಶೀನಿನ ಹೊರಗಿನಿಂದ. ಇವತ್ತಿಗೂ ಇಸಿ2 ಮಶೀನಿನಲ್ಲಿ ಎಷ್ಟು ಮೆಮೊರಿ ಖರ್ಚಾಗಿದೆ ಅಂತ ಬೇಕಾದರೆ ಒಳಗೆ ಒಂದು ಏಜೆಂಟ್ ಹಾಕಲೇಬೇಕು.

ಈಗ ನನ್ನನ್ನು ತಡೆದು ನಿಲ್ಲಿಸಿದ ಭಾಗ. ನ್ಯೂಯಾರ್ಕಿನಲ್ಲಿ ಶಾಲೆಗಳಿಗೆ ಸಾಫ್ಟ್‌ವೇರ್ ಮಾಡುವ ವೈರ್‌ಲೆಸ್ ಜನರೇಶನ್ ಅನ್ನೋ ಕಂಪನಿಯಲ್ಲಿ ಇಬ್ಬರು ಸ್ನೇಹಿತರಿದ್ದರು. ಒಲಿವಿಯೆ ಪೊಮೆಲ್ ಡೆವಲಪರುಗಳ ತಂಡ ನೋಡಿಕೊಳ್ಳುತ್ತಿದ್ದ, ಅಲೆಕ್ಸಿಸ್ ಲೆ ಕ್ವಾಕ್ ಆಪರೇಶನ್ಸ್ ತಂಡ ನೋಡಿಕೊಳ್ಳುತ್ತಿದ್ದ. ಇಬ್ಬರೂ ಸ್ನೇಹಿತರಾದರೂ ಇಬ್ಬರ ತಂಡಗಳಿಗೂ ಆಗಿಬರುತ್ತಿರಲಿಲ್ಲ, ಒಬ್ಬರ ಮೇಲೊಬ್ಬರು ಬೆರಳು ತೋರಿಸೋದು. ಎರಡೂ ಕಡೆಯವರು ಒಂದೇ ಚಿತ್ರ ನೋಡುವ ಹಾಗಾಗಬೇಕು ಅಂತ 2010ರಲ್ಲಿ ಅವರು ಶುರು ಮಾಡಿದ್ದೇ ಡೇಟಾಡಾಗ್. ಓದಿದಾಗ ನಮ್ಮ ಮೀಟಿಂಗ್ ರೂಮೇ ಕಣ್ಣ ಮುಂದೆ ಬಂತು.

ಅದೇ 2010ರಲ್ಲಿ ಗೂಗಲ್ ತನ್ನ ಡ್ಯಾಪರ್ ಬಗ್ಗೆ ಒಂದು ಪೇಪರ್ ಪ್ರಕಟಿಸಿತು. ವಿಷಯ ಸುಲಭ. ಊರಿನಿಂದ ಕಳಿಸಿದ ಪಾರ್ಸೆಲ್ಲಿಗೆ ಒಂದು ನಂಬರ್ ಕೊಟ್ಟು, ಅದು ಹೋದ ಪ್ರತಿ ಕಡೆಯೂ ಬಂದ ಸಮಯ, ಹೊರಟ ಸಮಯ ಬರೆದುಕೊಳ್ತಾರಲ್ಲ, ಹಾಗೆ. ಬಳಕೆದಾರನ ಒಂದು ಕ್ಲಿಕ್ಕಿಗೆ ಒಂದು ನಂಬರು, ಅದು ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲಾ ಆ ನಂಬರಿನ ಜೊತೆ ಸಮಯದ ಗುರುತು. ಇದಕ್ಕೆ ಟ್ರೇಸ್ ಅಂತಾರೆ. 2012ರಲ್ಲಿ ಟ್ವಿಟ್ಟರ್ ಇದೇ ದಾರಿಯಲ್ಲಿ ಜಿಪ್‌ಕಿನ್ ಕೊಟ್ಟಿತು, 2017ರಲ್ಲಿ ಊಬರ್ ತನ್ನ ಯೇಗರ್ ಕೊಟ್ಟಿತು. 2012ರಲ್ಲೇ ಬರ್ಲಿನ್ನಿನ ಸೌಂಡ್‌ಕ್ಲೌಡಿಗೆ ಬಂದಿದ್ದ ಹಳೇ ಗೂಗಲ್ ಎಂಜಿನಿಯರುಗಳು ಅಲ್ಲಿನ ಬೋರ್ಗ್‌ಮಾನ್ ನೆನಪಿನಲ್ಲಿ ಪ್ರೊಮಿಥಿಯಸ್ ಶುರು ಮಾಡಿದರು. ಎಲ್ಲಾ ಬಂದವು, ಆದರೆ ಪ್ರತಿ ಟೂಲಿಗೂ ಅದರದ್ದೇ ಏಜೆಂಟು. ಟೂಲ್ ಬದಲಾಯಿಸಬೇಕಂದ್ರೆ ಕೋಡೂ ಬದಲಾಯಿಸಬೇಕು. ಓಪನ್‌ಟ್ರೇಸಿಂಗ್, ಓಪನ್‌ಸೆನ್ಸಸ್ ಅಂತ ಇದ್ದ ಎರಡು ಗುಂಪುಗಳು 2019ರಲ್ಲಿ ಒಂದಾಗಿ ಓಪನ್‌ಟೆಲಿಮೆಟ್ರಿ ಆದ ಮೇಲೆ ಅಳೆಯುವ ಭಾಗ ಯಾರ ಸ್ವತ್ತೂ ಅಲ್ಲದ ಹಾಗಾಯ್ತು.

ಟೆಲಿಮೆಟ್ರಿ ಅನ್ನೋ ಪದ ಬೆಂಗಳೂರಿನವರಿಗೆ ಹೊಸದೇನಲ್ಲ ಬಿಡಿ. ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಹೆಸರಿನಲ್ಲೇ ಅದು ಇದೆ. ಮುಟ್ಟೋಕಾಗದಷ್ಟು ದೂರ ಇರೋದನ್ನು ಅದೇ ಕಳಿಸಿದ ಲೆಕ್ಕದಿಂದ ತಿಳಿಯೋದು. ಕ್ಲೌಡಿನಲ್ಲಿರುವ ನಮ್ಮ ಡೇಟಾಬೇಸೂ ಹಾಗೇ ತಾನೇ?

ಸರಿ, ಆರಿಸೋ ವಿಷಯಕ್ಕೆ ಬರ್ತೀನಿ. ಕಥೆ ಓದಿದ ಮೇಲೆ ಎಕ್ಸೆಲ್ ಶೀಟ್ ಪಕ್ಕಕ್ಕಿಟ್ಟು ನಮ್ಮ ಪ್ರಶ್ನೆಯನ್ನು ಮೊದಲು ಬರೆದುಕೊಂಡೆ: "ಒಂದು ಕ್ಲಿಕ್ಕಿನ ಸಮಯ ಅಪ್ಲಿಕೇಶನ್ನಿನಲ್ಲಿ ಎಷ್ಟು ಹೋಯ್ತು, ಡೇಟಾಬೇಸಿನಲ್ಲಿ ಎಷ್ಟು ಹೋಯ್ತು, ಯಾಕೆ?" ಇದು ಡ್ಯಾಪರಿನ ಪ್ರಶ್ನೆ, ನಾಗಿಯೋಸಿನ ಪ್ರಶ್ನೆ ಅಲ್ಲ. ಹಾಗಾಗಿ ಟ್ರೇಸ್ ಮೊದಲು, ಹಸಿರು ಕೆಂಪು ದೀಪ ಆಮೇಲೆ.

ಎರಡನೆಯದು, ಕೋಡಿನಲ್ಲಿ ಓಪನ್‌ಟೆಲಿಮೆಟ್ರಿ ಮಾತ್ರ. ಲೆಕ್ಕ ಹೋಗಿ ಸೇರುವ ಜಾಗ ಯಾವುದಾದರೂ ಇರಲಿ, ನಾಳೆ ಬದಲಾಯಿಸಿದರೆ ಕಲೆಕ್ಟರಿನ ನಾಲ್ಕು ಸಾಲು ಬದಲಾದರೆ ಸಾಕು.

ಮೂರನೆಯದು, ಕ್ವೆರಿ ಯಾರದ್ದು ಅಂತ ಡೇಟಾಬೇಸ್ ಕಡೆಗೂ ಕಾಣಬೇಕು. ಇದಕ್ಕೆ ಎಸ್‌ಕ್ಯೂಎಲ್‌ಕಾಮೆಂಟರ್ ಅನ್ನೋದಿದೆ, ಗೂಗಲ್ಲಿನವರು ಮಾಡಿ 2021ರಲ್ಲಿ ಓಪನ್‌ಟೆಲಿಮೆಟ್ರಿಗೆ ಕೊಟ್ಟಿದ್ದು. ಕ್ವೆರಿಯ ಕೊನೆಗೆ ಕಾಮೆಂಟಿನ ರೂಪದಲ್ಲಿ ಪೇಜಿನ ಹೆಸರು, ಟ್ರೇಸ್ ನಂಬರು ಸೇರಿಸುತ್ತೆ. ಪ್ರತಿ ಸಲವೂ ಬೇರೆ ನಂಬರ್ ಸೇರಿದರೆ ಪ್ರಿಪೇರ್ಡ್ ಸ್ಟೇಟ್‌ಮೆಂಟುಗಳ ಕ್ಯಾಶ್ ಕೆಲಸಕ್ಕೆ ಬಾರದೆ ಹೋಗುತ್ತೆ, ಅದಕ್ಕೆ ನಾವು ಪೇಜಿನ ಹೆಸರು ಮಾತ್ರ ಹಾಕಿದ್ದೇವೆ.

ನಾಲ್ಕನೆಯದು, ಬಿಲ್ಲು ಯಾವ ಲೆಕ್ಕದಲ್ಲಿ ಅಂತ ನೋಡಿ. ಕೆಲವರು ಸರ್ವರಿಗೆ ಇಷ್ಟು ಅಂತಾರೆ, ಕೆಲವರು ಡೇಟಾದ ಜಿಬಿಗೆ ಇಷ್ಟು, ನೋಡುವ ಒಬ್ಬೊಬ್ಬರಿಗೆ ಇಷ್ಟು ಅಂತಾರೆ. ತಲೆಗೆ ಇಷ್ಟು ಅಂದರೆ ಕಂಪನಿ ಮೊದಲು ಡಿಬಿಎಗೇ ಲಾಗಿನ್ ಕೊಡಲ್ಲ! ಕೊನೆಯದಾಗಿ, ಕ್ವೆರಿಯ ಒಳಗೆ ಗ್ರಾಹಕರ ಫೋನ್ ನಂಬರ್ ಇರುತ್ತೆ. ಅದನ್ನು ನಮ್ಮ ಕಲೆಕ್ಟರಿನಲ್ಲೇ ಅಳಿಸಿ ಹೊರಗೆ ಕಳಿಸಬೇಕು.

ನಾವು ಇರೋದೇ ಆರು ಜನ, ಸ್ವಂತ ಸರ್ವರ್ ಸಾಕೋಕೆ ಆಗಲ್ಲ ಅಂತ ಒಂದು ವರ್ಷದ ಕರಾರಿಗೆ ಹೊರಗಿನವರ ಸೇವೆ ತಗೊಂಡೆವು. ಯಾರದ್ದು ಅಂತ ಹೇಳಿದರೆ ಜಾಹೀರಾತು ಆಗುತ್ತೆ, ಮೇಲಿನ ಎರಡನೇ ಮಾತಿನಿಂದಾಗಿ ಅದು ಅಷ್ಟು ಮುಖ್ಯವೂ ಅಲ್ಲ.

ಈಗ ಬಾಕಿ ಇದ್ದ ವಿಷಯ. ಟ್ರಯಲ್ ಹಾಕಿದ ಮೊದಲ ದಿನವೇ ಆರ್ಡರ್ ಪೇಜಿನ ಟ್ರೇಸ್ ತೆರೆದೆ. ಸ್ಕ್ರೀನಿನ ತುಂಬಾ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಸಣ್ಣ ಗೆರೆಗಳು. ಎಣಿಸಿದರೆ 301 ಕ್ವೆರಿ! ಆರ್ಡರುಗಳ ಪಟ್ಟಿಗೆ ಒಂದು, ಆಮೇಲೆ ಪ್ರತಿ ಆರ್ಡರಿಗೂ ಒಂದೊಂದು. ಒಂದೊಂದಕ್ಕೂ ಹೋಗಿ ಬರೋಕೆ 3 ಮಿಲಿಸೆಕೆಂಡು, ಒಟ್ಟು ಸುಮಾರು 900. ಒಂದು ಸೆಕೆಂಡ್ ದಾಟಿದ್ದನ್ನು ಮಾತ್ರ ಬರೆಯುವ ಸ್ಲೋ ಕ್ವೆರಿ ಲಾಗಿಗೆ 3 ಮಿಲಿಸೆಕೆಂಡಿನದ್ದು ಬೀಳೋದು ಹೇಗೆ? ಸಂಜೆ ಜನ ಜಾಸ್ತಿಯಾದಾಗ ಪೂಲಿನಲ್ಲಿದ್ದ 20 ಕನೆಕ್ಷನ್ನುಗಳೂ ಹೀಗೆ ಹೋಗಿ ಬರುವುದರಲ್ಲೇ ಮುಳುಗಿ, ಉಳಿದವರು ಸಾಲಿನಲ್ಲಿ. ದೊಡ್ಡ ಮಶೀನ್ ಹಾಕಿದರೂ ಓಡಾಟ ಕಮ್ಮಿ ಆಗಲ್ಲವಲ್ಲ. ನನ್ನ ಲಾಗ್ ಹೇಳಿದ್ದೂ ನಿಜ, ಸರ್ ಹೇಳಿದ್ದೂ ನಿಜ. ತಪ್ಪಿದ್ದು ಮಾತ್ರ ಆ ಲೂಪಿನಲ್ಲಿ. ಲೂಪ್ ಬರೆದವನು ನಾನು. ಗಿಟ್ಟಿನಲ್ಲಿ ನನ್ನದೇ ಹೆಸರಿದೆ. ಒಂದು ಜಾಯಿನ್ ಹಾಕಿದ ಮೇಲೆ ಸರಿಹೋಯ್ತು.

ಎರಡು ದಿನ ಸುಮ್ಮನಿದ್ದೆ. ಸುಳ್ಳು ಯಾಕೆ, ಯಾರಿಗೂ ಗೊತ್ತಾಗಲ್ಲ ಬಿಡು ಅಂತಲೂ ಅನ್ನಿಸಿತ್ತು. ಮೂರನೇ ದಿನ ಮ್ಯಾನೇಜರಿಗೆ ಮೇಲ್ ಬರೆದು, ಲ್ಯಾಪ್‌ಟಾಪ್ ತಗೊಂಡು ಸರ್ ಕೂರುವ ಮಹಡಿಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಆ ಮೆಟ್ಟಿಲುಗಳನ್ನು ಮೇಲಿಂದ ಕೆಳಗೆ ನಿಧಾನಕ್ಕೆ ನೋಡಿದರು. "ಅಲ್ಲಪ್ಪಾ, ಅವತ್ತೇ ಬಂದು ಕೂತ್ಕೋ ಅಂದೆನಲ್ಲ. ಯಾವ ಕ್ವೆರಿ ಎಷ್ಟು ಸಲ ಬಂತು ಅನ್ನೋ ಲೆಕ್ಕ ನನ್ನ ಹತ್ರ ಆಗಲೇ ಇತ್ತು" ಅಂದರು. ಬೈಯಲಿಲ್ಲ. ಅದೇ ಕಷ್ಟ ಆಯ್ತು. ಮತ್ತೆ ನಮ್ಮ ಪ್ರಾಜೆಕ್ಟಿಗೆ ಅವರು ಬರಲಿಲ್ಲ, ಹೊಸ ಕೆಲಸ ಒಗ್ಗಿದೆಯಂತೆ. ಆದರೆ ಹೊಸ ಟೂಲಿನಲ್ಲಿ ಮೊದಲ ಲಾಗಿನ್ ಅವರ ಹೆಸರಿಗೇ ಮಾಡಿಸಿದೆ. ವಾರಕ್ಕೊಂದು ಸಲ ಕಾಫಿ ಹೊತ್ತಿಗೆ ಹೋಗ್ತೀನಿ, ಇಬ್ಬರೂ ಕೂತು ನೋಡ್ತೀವಿ.

ನಿಮ್ಮ ಆಫೀಸಿನಲ್ಲಿ ಏನು ಬಳಸ್ತೀರಿ? ಡಿಬಿಎ ಮತ್ತು ನೀವು ಒಂದೇ ಸ್ಕ್ರೀನ್ ನೋಡ್ತೀರಾ? ಬಿಡುವಿದ್ದಾಗ ತಿಳಿಸಿ. ಮತ್ತೆ ಸಿಗೋಣ.