ಹಳಿಯ ಬಿರುಕಿನಿಂದ ಹೃದಯದ ಕವಾಟದವರೆಗೆ

ಹೋದ ತಿಂಗಳು ಒಂದು ಸಂಜೆ ನನ್ನ ಹಳೆಯ ಶಿಷ್ಯನೊಬ್ಬ ಬಂಗಾರಪೇಟೆಯಿಂದ ಫೋನ್ ಮಾಡಿದ. "ಸಾರ್, ಅಮ್ಮನಿಗೆ ಎಕೋ ಮಾಡಿಸಿದೆವು. ವರದಿಯಲ್ಲಿ ಶೇಕಡಾ 60 ಅಂತ ಬರೆದಿದ್ದಾರೆ. ಹಾಗಾದರೆ ಹೃದಯದ 40 ಪಾಲು ಕೆಟ್ಟುಹೋಗಿದೆಯೇ?" ಎಂದು ಕೇಳುವಾಗ ಅವನ ಧ್ವನಿ ನಡುಗುತ್ತಿತ್ತು. ಅವನಿಗೆ ಅಂದು ಹೇಳಿದ್ದನ್ನೂ ಹೇಳದೆ ಉಳಿದದ್ದನ್ನೂ ನಿಮ್ಮೆಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ವಿಜ್ಞಾನದ ಪಾಠ ಹೇಳಿದ ಮೇಷ್ಟ್ರು ಎಂಬುದನ್ನು ಮಾತ್ರ ಮರೆಯದಿರಿ.

ಬೂದಿಕೋಟೆಯಲ್ಲಿ ಪ್ರತಿಧ್ವನಿಯ ಪಾಠ ಬಂದಾಗ ನಿಮ್ಮನ್ನು ಬಂಡೆಗಳೆದುರು ನಿಲ್ಲಿಸಿ ಕೂಗಿಸುತ್ತಿದ್ದುದು ನೆನಪಿರಬಹುದು. ಎಕೋ ಪರೀಕ್ಷೆಯ ತತ್ತ್ವವೂ ಅದೇ. ಮನುಷ್ಯನ ಕಿವಿಯ ಮಿತಿ 20,000 ಹರ್ಟ್ಸ್. ಹೃದಯದೊಳಗೆ ಕಳುಹಿಸುವ ಧ್ವನಿಯ ಆವರ್ತಾಂಕ 20 ಲಕ್ಷಕ್ಕೂ ಮೇಲ್ಪಟ್ಟದ್ದು. ಅದು ಹೋಗಿ ಮರಳಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕಿ ಯಂತ್ರವು ಚಿತ್ರ ಬರೆಯುತ್ತದೆ.

ರೈಲು ಹಳಿಯ ಮೇಲೆ ಸಿಬ್ಬಂದಿಯೊಬ್ಬರು ಚಿಕ್ಕ ಗಾಡಿಯೊಂದನ್ನು ತಳ್ಳುತ್ತ ನಿಧಾನವಾಗಿ ನಡೆಯುವುದನ್ನು ನೀವು ಕಂಡಿರಬಹುದು. ಹಳಿಯೊಳಗೆ ಅಡಗಿದ ಬಿರುಕನ್ನು ಅವರು ಹುಡುಕುವುದು ಇದೇ ಶ್ರವಣಾತೀತ ಧ್ವನಿಯಿಂದ. ಹೃದಯದ ಎಕೋ ಹುಟ್ಟಿದ್ದೂ ಇಂಥ ಲೋಹಪರೀಕ್ಷೆಯ ಯಂತ್ರದಿಂದಲೇ ಎಂಬುದು ಅನೇಕರಿಗೆ ತಿಳಿದಿಲ್ಲ.

ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರಿದ್ದರು. ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಮೈಟ್ರಲ್ ಕವಾಟವು ಕಿರಿದಾದ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಆಗತಾನೇ ಆರಂಭವಾಗಿತ್ತು. ಆದರೆ ಕವಾಟ ಕಿರಿದಾಗಿದೆಯೋ, ಸೋರುತ್ತಿದೆಯೋ ಎಂಬುದನ್ನು ಎದೆ ತೆರೆಯುವ ಮೊದಲೇ ಖಚಿತವಾಗಿ ತಿಳಿಯುವುದು ಕಷ್ಟವಾಗಿತ್ತು. ಎಡ್ಲರ್ ಈ ಪ್ರಶ್ನೆಯನ್ನು ಭೌತವಿಜ್ಞಾನಿ ಕಾರ್ಲ್ ಹೆಲ್ಮುತ್ ಹರ್ಟ್ಸ್ ಅವರ ಮುಂದಿಟ್ಟರು. (ನಾವು ಆವರ್ತಾಂಕಕ್ಕೆ ಇಟ್ಟಿರುವ ಹರ್ಟ್ಸ್ ಎಂಬ ಹೆಸರು ಇವರ ತಂದೆಯ ಚಿಕ್ಕಪ್ಪ-ದೊಡ್ಡಪ್ಪಂದಿರಲ್ಲಿ ಒಬ್ಬರದು! ತಂದೆ ಗುಸ್ತಾವ್ ಅವರು 1925ನೆಯ ಸಾಲಿನ ನೊಬೆಲ್ ಪುರಸ್ಕೃತರು.) ಮಾಲ್ಮೋ ನಗರದ ಹಡಗುಕಟ್ಟೆಯಲ್ಲಿ ಉಕ್ಕಿನ ದೋಷ ಹುಡುಕುವ ಯಂತ್ರವೊಂದಿತ್ತು. ಹರ್ಟ್ಸ್ ಅಲ್ಲಿಗೆ ಹೋಗಿ ಅದನ್ನು ತಮ್ಮ ಎದೆಗೇ ಇಟ್ಟು ನೋಡಿದರು. ಅನಂತರ ಸೀಮೆನ್ಸ್ ಕಂಪನಿಯಿಂದ ಅಂಥದೇ ಯಂತ್ರವನ್ನು ಎರವಲು ತಂದು, 1953ರ ಅಕ್ಟೋಬರ್ 29ರಂದು ಇಬ್ಬರೂ ಸೇರಿ ಮಿಡಿಯುವ ಹೃದಯದ ಪ್ರತಿಧ್ವನಿಯನ್ನು ಮೊದಲ ಬಾರಿಗೆ ದಾಖಲಿಸಿದರು.

ಪರದೆಯ ಮೇಲೆ ಚುರುಕಾಗಿ ಕುಣಿದ ಒಂದು ಗೆರೆಯನ್ನು ಅವರು ಮೊದಲು ಹೃದಯದ ಮೇಲ್ಕೋಣೆಯ ಗೋಡೆಯೆಂದೇ ತಿಳಿದಿದ್ದರು. ಅದು ಮೈಟ್ರಲ್ ಕವಾಟದ ಎಸಳು ಎಂಬುದು ಆಮೇಲೆ ಮೃತರ ಹೃದಯಗಳನ್ನು ಪರಿಶೀಲಿಸಿದಾಗ ತಿಳಿಯಿತು. ತಪ್ಪನ್ನು ತಾವೇ ತಿದ್ದಿಕೊಂಡ ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ. 1977ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಸಂದಿತು.

ಈ ಮೈಟ್ರಲ್ ಕವಾಟದ ಕತೆ ನನಗೆ ಬರೀ ಸ್ವೀಡನ್ನಿನ ಕತೆಯಲ್ಲ. 1980ರ ದಶಕದಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಡ್ರಿಲ್ ಪೀರಿಯಡ್‌ನಲ್ಲಿ ಒಂದು ಸುತ್ತು ಓಡುವಷ್ಟರಲ್ಲೇ ಏದುಸಿರು ಬಿಡುತ್ತ ಕುಳಿತುಬಿಡುತ್ತಿದ್ದ. ಸೋಮಾರಿಯೆಂದು ಬೈದು, ಎಲ್ಲರೆದುರು ಇನ್ನೊಂದು ಸುತ್ತು ಓಡಿಸಿದವನು ನಾನೇ. ಚಿಕ್ಕಂದಿನಲ್ಲಿ ಅವನಿಗೆ ಗಂಟಲು ನೋವು ಬಂದು, ಅದರ ಬೆನ್ನಿಗೇ ಜ್ವರ, ಕೀಲುನೋವು ಬಂದಿದ್ದವಂತೆ. ಅದು ರುಮ್ಯಾಟಿಕ್ ಜ್ವರ. ಕೀಲುಗಳನ್ನು ಬಿಟ್ಟರೂ ಕವಾಟವನ್ನು ಬಿಡದ ಕಾಯಿಲೆ. ಬೆಂಗಳೂರಿನಲ್ಲಿ ಎಕೋ ಮಾಡಿದಾಗ, 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ದ್ವಾರ ಒಂದಕ್ಕೆ ಇಳಿದಿತ್ತು. ಶಸ್ತ್ರಚಿಕಿತ್ಸೆಯಾಗಿ ಉಳಿದ. ಆ ತಂಡದವರಿಗೆ ಅವನು ಯಾರೆಂದು ಗೊತ್ತು, ಹೆಸರು ಬೇಡ. ಈಗಲೂ ಎದುರಾದರೆ ಕಾಲು ಮುಟ್ಟಲು ಬಾಗುತ್ತಾನೆ. ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ಇನ್ನು ಪರೀಕ್ಷೆಗೆ ಹೋಗುವವರಿಗೆ ನಾಲ್ಕು ಮಾತು. ಸಾಮಾನ್ಯ ಎಕೋಗೆ ಉಪವಾಸ ಬೇಡ. (ಗಂಟಲಿನ ಮೂಲಕ ನಳಿಕೆ ಇಳಿಸಿ ಮಾಡುವ ಬಗೆಯೊಂದುಂಟು, ಅದಕ್ಕೆ ಬೇಕು.) ಮಂದ ಬೆಳಕಿನ ಕೋಣೆಯಲ್ಲಿ ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಸವರುತ್ತಾರೆ. ಚರ್ಮಕ್ಕೂ ಉಪಕರಣಕ್ಕೂ ನಡುವೆ ಗಾಳಿ ಉಳಿದರೆ ಧ್ವನಿ ಒಳಗೆ ಹೋಗದೆ ಹಿಂದಿರುಗುತ್ತದೆ, ಅದಕ್ಕಾಗಿ ಜೆಲ್. ಆಗಾಗ ಉಸಿರು ಹಿಡಿಯಲು ಹೇಳುತ್ತಾರೆ. ಪಕ್ಕೆಯ ಮೇಲೆ ತುಸು ಒತ್ತುತ್ತಾರೆ. ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಎಕ್ಸ್‌ರೇಯಂತಹ ವಿಕಿರಣವಿಲ್ಲ. ಹೆಂಗಸರು ಮಹಿಳಾ ಸಿಬ್ಬಂದಿ ಜೊತೆಗಿರಲಿ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ನಡುವೆ ಬುಸ್ ಬುಸ್ ಎಂಬ ಸದ್ದು ಕೇಳಿಸಿದರೆ ಹೆದರಬೇಡಿ. ಬಂಗಾರಪೇಟೆಯ ಪ್ಲಾಟ್‌ಫಾರಂನಲ್ಲಿ ನಿಂತಾಗ, ನಿಲ್ಲದೆ ಹೋಗುವ ರೈಲಿನ ಸಿಳ್ಳೆ ಹತ್ತಿರ ಬರುವಾಗ ಕೀರಲಾಗಿಯೂ ದೂರ ಸರಿದಂತೆ ದಪ್ಪವಾಗಿಯೂ ಕೇಳುತ್ತದಲ್ಲವೇ? 1842ರಲ್ಲಿ ಡಾಪ್ಲರ್ ಹೇಳಿದ ತತ್ತ್ವವದು. ರಕ್ತ ಯಾವ ಕಡೆಗೆ, ಎಷ್ಟು ವೇಗವಾಗಿ ಹರಿಯುತ್ತಿದೆ, ಕವಾಟ ಸೋರುತ್ತಿದೆಯೇ ಎಂಬುದನ್ನು ಯಂತ್ರ ಅದರಿಂದಲೇ ಅರಿಯುತ್ತದೆ. ಆದರೆ ಹೃದಯಕ್ಕೆ ರಕ್ತ ಒದಗಿಸುವ ನಾಳಗಳೊಳಗಿನ 'ಬ್ಲಾಕ್' ಸಾಮಾನ್ಯ ಎಕೋದಲ್ಲಿ ನೇರವಾಗಿ ಕಾಣದು. ವೈದ್ಯರು ಆಂಜಿಯೋಗ್ರಾಂ ಬೇಕೆಂದರೆ, "ಎಕೋ ಚೆನ್ನಾಗಿದೆಯಲ್ಲ" ಎಂದು ವಾದಿಸಬೇಡಿ.

ಶಿಷ್ಯನ 60ರ ವಿಷಯ. ತುಂಬಿದ ಎಡ ಕೆಳಕೋಣೆಯು ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬ ಲೆಕ್ಕ ಅದು. ಆರೋಗ್ಯವಂತ ಹೃದಯವೂ ಪೂರ್ತಿ ಬರಿದಾಗುವುದಿಲ್ಲ. ಸುಮಾರು 55ರಿಂದ 70 ಸಹಜ. "ನಿನಗೆ ಎಸ್ಸೆಸ್ಸೆಲ್ಸಿಯಲ್ಲಿ ಬಾರದ ಫಸ್ಟ್ ಕ್ಲಾಸ್ ನಿನ್ನ ತಾಯಿಗೆ ಬಂದಿದೆಯಪ್ಪ" ಎಂದೆ. ನಕ್ಕುಬಿಟ್ಟ. ಆಕೆಯ ಮೈಟ್ರಲ್ ಕವಾಟದಲ್ಲಿ ಅತ್ಯಲ್ಪ ಸೋರಿಕೆ ಇದೆಯಂತೆ, ಒಂದು ವರ್ಷ ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಈ ಸಲದ ವರದಿಯನ್ನು ಜೋಪಾನವಾಗಿಟ್ಟು, ಆಗ ಜೊತೆಗೆ ಒಯ್ಯುವಂತೆ ತಿಳಿಸಿದ್ದೇನೆ.