ಬುತ್ತಿ ಕಟ್ಟಿಕೊಂಡು ಬಾನಿಗೆ

ಸುತ್ತೂರು ಜಾತ್ರೆಗೆ ಬಂದವರು ಕಪಿಲೆಯಲ್ಲಿ ಮಿಂದು, ಗದ್ದುಗೆಗೆ ಕೈಮುಗಿದು, ದಾಸೋಹದಲ್ಲಿ ಉಂಡ ಮೇಲೆ ಕೃಷಿಮೇಳದ ಕಡೆ ಹೆಜ್ಜೆ ಹಾಕುತ್ತಾರೆ. ಅಲ್ಲಿ ಪೈರನ್ನು ಮುಟ್ಟಿ ನೋಡುವ ರೈತರಿಗೆ ಕಾಳು ಮೊಳೆಯುವುದು ಹೊಸ ಸಂಗತಿಯಲ್ಲ. ರಾತ್ರಿ ನೆನೆಹಾಕಿದ ಹೆಸರುಕಾಳನ್ನು ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ, ಮಾರನೆಯ ದಿನ ಸಿಪ್ಪೆ ಬಿರಿದು ಬಿಳಿ ಮೊಳಕೆ ಬಟ್ಟೆಯ ಎಳೆಗಳ ನಡುವೆ ತೂರಿರುತ್ತದೆ. ಅದೇ ಕಾಳನ್ನು ಮಣ್ಣಿಗೆ ಹಾಕಿದರೆ ಬೇರು ಕೆಳಕ್ಕೆ, ಕುಡಿ ಮೇಲಕ್ಕೆ. ದಿಕ್ಕು ಹೇಳಿಕೊಡುವುದು ನೆಲದ ಸೆಳೆತ. ಆ ಸೆಳೆತದ ಅರಿವೇ ಇಲ್ಲದ ಕಡೆ ಕಾಳು ಏನು ಮಾಡೀತು? 2025ರ ಜೂನ್ 25ರಂದು ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಈ ಪ್ರಶ್ನೆಯೂ ಜೊತೆಗೆ ಹೋಯಿತು. ಹೆಸರು ಮತ್ತು ಮೆಂತ್ಯದ ಕಾಳನ್ನು ಅಲ್ಲಿ ಮೊಳೆಸುವ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡ ಐಐಟಿಯದು.

ಮನುಷ್ಯ ಬಾನಿಗೆ ಹೋಗಬೇಕೆ, ಅಲ್ಲಿ ನೆಲೆಸಬೇಕೆ ಎಂಬ ಚರ್ಚೆ ಬಂದಾಗಲೆಲ್ಲ ನಾವು ರಾಕೆಟ್ಟಿನ ಬೆಂಕಿಯನ್ನೇ ನೋಡುತ್ತೇವೆ. ಕರ್ನಾಟಕದಲ್ಲಿ ಈ ವಿದ್ಯೆ ಬೆಳೆದ ಬಗೆ ನೋಡಿದರೆ ನನಗೆ ಕಾಣುವುದು ಬೇರೆ: ಬುತ್ತಿ, ಮೈ, ಇಟ್ಟಿಗೆ, ಕಾಳು. ಹೋಗಬೇಕೆನ್ನುವವರ ವಾದಕ್ಕೆ ನಿಜವಾದ ಬಲವಿರುವುದು ಇಲ್ಲೇ ಎಂದು ನನ್ನ ನಂಬಿಕೆ.

ಮೊದಲಿಗೆ ನಮ್ಮವರು ಹೋಗುವುದು ಬೇಡ ಎಂದೇ ಹೇಳಿದ್ದರು. ಚಂದ್ರಯಾನದಲ್ಲಾಗಲಿ ಮಾನವಯಾನದಲ್ಲಾಗಲಿ ಸಿರಿವಂತ ದೇಶಗಳೊಂದಿಗೆ ಪೈಪೋಟಿಗಿಳಿಯುವ ಹಂಬಲ ನಮಗಿಲ್ಲ ಎಂಬುದು ನಮ್ಮ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಬುನಾದಿ ಹಾಕಿದ ವಿಕ್ರಮ್ ಸಾರಾಭಾಯಿ ಅವರ ನಿಲುವು. ಅದು ಅಂದಿಗೆ ಸರಿಯಾಗಿತ್ತು. ಉಡುಪಿಯ ಅದಮಾರಿನ ಯು. ಆರ್. ರಾವ್ ಅವರ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಆಮೇಲಿನ ಉಪಗ್ರಹಗಳು ಹಳ್ಳಿಗೆ ಟಿವಿ ತಂದವು, ಚಂಡಮಾರುತದ ಸುಳಿವು ಕೊಟ್ಟವು. ಮನುಷ್ಯನ ಮಾತು ಮುನ್ನೆಲೆಗೆ ಬರಲಿಲ್ಲ.

ಆದರೂ ಮೈಯನ್ನು ಅರಿಯುವ ಕೆಲಸ ಬೆಂಗಳೂರಿನಲ್ಲಿ ಆಗಲೇ ನಡೆದಿತ್ತು. ಪೈಲಟ್‌ಗಳ ದೇಹ ಎಷ್ಟು ತಾಳುತ್ತದೆ ಎಂದು ಅಳೆಯಲು ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ 1957ರಲ್ಲೇ ಶುರುವಾಗಿತ್ತು. ಸೋವಿಯತ್ ನೌಕೆಯಲ್ಲಿ ಭಾರತೀಯನೊಬ್ಬನಿಗೆ ಜಾಗ ಸಿಕ್ಕಾಗ ಪರೀಕ್ಷೆ ನಡೆದದ್ದೂ ಇದೇ ಊರಿನಲ್ಲಿ. ಇಕ್ಕಟ್ಟಿನಲ್ಲಿ ಮನಸ್ಸು ಕಂಗೆಡುತ್ತದೆಯೇ ಎಂದು ತಿಳಿಯಲು ರಾಕೇಶ್ ಶರ್ಮಾ ಅವರನ್ನು 72 ಗಂಟೆ ಕೋಣೆಯೊಂದರಲ್ಲಿ ಕೂಡಿಹಾಕಿದ್ದರಂತೆ. 1984ರ ಏಪ್ರಿಲ್ 3ರಂದು ಅವರು ಮೇಲೇರಿ, ಸಲ್ಯೂತ್-7 ನಿಲ್ದಾಣ ಸೇರಿದರು.

ಆ ಪಯಣದ ಬುತ್ತಿ ನಮ್ಮ ಮೈಸೂರಿನದು. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಗಡಿಯ ಸೈನಿಕರಿಗೆ ಕೆಡದ ಊಟ ಕಟ್ಟಿಕೊಡುತ್ತಿತ್ತು. ಅದೇ ಅನುಭವದಿಂದ ರವೆ ಹಲ್ವಾ, ಆಲೂ ಛೋಲೆ, ತರಕಾರಿ ಪಲಾವ್ ಸಿದ್ಧವಾದವು. ಬುತ್ತಿ ಕಟ್ಟುವುದು ಎಷ್ಟು ಸೂಕ್ಷ್ಮ ಕೆಲಸ ನೋಡಿ. ತೂಕವಿಲ್ಲದ ಕಡೆ ಪುಡಿ ಉದುರಬಾರದು. ಉದುರಿದ ಚೂರು ನೆಲಕ್ಕೆ ಬೀಳದೆ ತೇಲಿ ಕಣ್ಣಿಗೋ ಯಂತ್ರದ ಸಂದಿಗೋ ಸೇರುತ್ತದೆ. ತುಸು ಅಂಟಾದ, ಗೊಜ್ಜಿನಂಥ ಪದಾರ್ಥವಾದರೆ ಚಮಚಕ್ಕೆ ಕಚ್ಚಿಕೊಂಡು ನಿಲ್ಲುತ್ತದೆ. ನಮ್ಮ ಮುದ್ದೆ-ಸಾರಿನ ಊಟಕ್ಕೆ ಈ ಗುಣ ಹುಟ್ಟಿನಿಂದಲೇ ಇದೆ! ಮುಂದೆ ಭಾರತದ್ದೇ ಮಾನವಯಾನವಾದ ಗಗನಯಾನಕ್ಕೆಂದು ಇದೇ ಪ್ರಯೋಗಾಲಯ ಇಡ್ಲಿ, ಹೆಸರುಬೇಳೆ ಹಲ್ವಾಗಳನ್ನೂ ಸಿದ್ಧಪಡಿಸಿತು.

ಶರ್ಮಾ ಅವರ ನಂತರದ ಒಂದು ಅಧ್ಯಾಯ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅಮೆರಿಕದ ಶಟಲ್‌ನಲ್ಲಿ ಹೋಗಲು ಇಸ್ರೊ ತನ್ನ ಎಂಜಿನಿಯರುಗಳಾದ ಎನ್. ಸಿ. ಭಟ್ ಮತ್ತು ಪಿ. ರಾಧಾಕೃಷ್ಣನ್ ಅವರನ್ನು ಆರಿಸಿತ್ತು. 1986ರ ಜನವರಿ 28ರಂದು ಚಾಲೆಂಜರ್ ಆಗಸದಲ್ಲೇ ಛಿದ್ರವಾಯಿತು, ಏಳು ಮಂದಿ ಸತ್ತರು, ಇವರ ಯಾನವೂ ಅಲ್ಲಿಗೇ ನಿಂತಿತು. ಇಬ್ಬರಲ್ಲಿ ಒಬ್ಬರಾದರೂ ಹೋಗಿದ್ದರೆ ನಾವು ಮುಂದಿನ ಹೆಸರಿಗಾಗಿ ನಲವತ್ತೊಂದು ವರ್ಷ ಕಾಯಬೇಕಿರಲಿಲ್ಲ. ಇದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಮತ್ತೆ ಮಾತು ಎದ್ದದ್ದು 2006ರ ನವೆಂಬರ್‌ನಲ್ಲಿ. ಬೆಂಗಳೂರಿನಲ್ಲಿ ಸೇರಿದ ಸುಮಾರು 80 ವಿಜ್ಞಾನಿಗಳು ಮಾನವಯಾನಕ್ಕೆ ಒಪ್ಪಿಗೆ ಸೂಚಿಸಿದರು. 2007ರ ಜನವರಿಯಲ್ಲಿ ಪುಟ್ಟ ಕೋಶವೊಂದು ಕಕ್ಷೆಯಿಂದ ಮರಳಿ ಬಂಗಾಳ ಕೊಲ್ಲಿಗೆ ಇಳಿಯಿತು. ಹೋಗುವುದಕ್ಕಿಂತ ಬರುವುದು ಕಷ್ಟ, ಆದ್ದರಿಂದ ಆ ದಿನವೇ ದೊಡ್ಡದು. 2018ರ ಆಗಸ್ಟ್ 15ರಂದು ಗಗನಯಾನ ಘೋಷಣೆಯಾಯಿತು, 2019ರಲ್ಲಿ ಬೆಂಗಳೂರಿನಲ್ಲಿ ಮಾನವ ಬಾಹ್ಯಾಕಾಶ ಯಾನ ಕೇಂದ್ರ ತೆರೆಯಿತು. 2023ರ ಅಕ್ಟೋಬರ್ 21ರಂದು ಅಪಾಯ ಬಂದಾಗ ಯಾತ್ರಿಗಳನ್ನು ಪಾರುಮಾಡುವ ವ್ಯವಸ್ಥೆಯ ಹಾರಾಟ ಪರೀಕ್ಷೆ ಗೆದ್ದಿತು. 2035ಕ್ಕೆ ನಮ್ಮದೇ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ ಎಂಬುದು ಗುರಿ.

ಹೋಗಿ ಬರುವುದು ಒಂದು, ನೆಲೆಸುವುದು ಇನ್ನೊಂದು. ಮನೆ ಕಟ್ಟಲು ಇಟ್ಟಿಗೆ ಬೇಕು. ಒಂದು ಪೌಂಡ್ ಸಾಮಾನನ್ನು ಬಾನಿಗೆ ಒಯ್ಯಲು ಸುಮಾರು 7.5 ಲಕ್ಷ ರೂಪಾಯಿ ಬೇಕು ಎಂದು ಆಗ ಹೇಳಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಹಾಗಾಗಿ ಅಲ್ಲಿನ ಅಲೋಕ್ ಕುಮಾರ್ ಅವರ ತಂಡ ಇಸ್ರೊ ಜೊತೆ ಸೇರಿ ಚಂದ್ರನ ಮಣ್ಣನ್ನೇ ಇಟ್ಟಿಗೆ ಮಾಡುವ ದಾರಿ ಹುಡುಕಿ 2020ರಲ್ಲಿ ಪ್ರಕಟಿಸಿತು. ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಯೂರಿಯಾ, ಕ್ಯಾಲ್ಸಿಯಂ ಮತ್ತು ಒಂದು ಜಾತಿಯ ಬ್ಯಾಕ್ಟೀರಿಯಾ ಸೇರಿಸುತ್ತಾರೆ; ಅದು ಯೂರಿಯಾವನ್ನು ಒಡೆಯುತ್ತಾ ಸುಣ್ಣದ ಹರಳುಗಳನ್ನು ಹುಟ್ಟಿಸಿ ಕಣಕ್ಕೆ ಕಣ ಬೆಸೆಯುತ್ತದೆ. ಗಟ್ಟಿತನಕ್ಕೆ ಹಾಕುವ ಅಂಟು ಯಾವುದು ಗೊತ್ತೇ? ನಾವು ಪಲ್ಯ ಮಾಡುವ ಗೋರಿಕಾಯಿಯ ಬೀಜದ್ದು. ಯೂರಿಯಾ ಮನುಷ್ಯನ ಮೂತ್ರದಲ್ಲೇ ಇದೆ.

ಇಷ್ಟೆಲ್ಲ ಏಕೆ ಎಂದು ಕೇಳುವವರ ಮಾತನ್ನು ತಳ್ಳಿಹಾಕಲಾಗದು. ಪರಿಷ್ಕೃತ ಗಗನಯಾನ ಕಾರ್ಯಕ್ರಮಕ್ಕೆ 20,193 ಕೋಟಿ ರೂಪಾಯಿ. ಮಳೆ ಕೈಕೊಟ್ಟ ಊರಿನಲ್ಲಿ ಈ ಅಂಕಿ ಚುಚ್ಚುತ್ತದೆ. ತೂಕವಿಲ್ಲದ ಬದುಕಿನಲ್ಲಿ ಸೊಂಟ-ಕಾಲಿನ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತದೆ. ಯಂತ್ರ ಕಳಿಸಿದರೆ ಸಾಲದೇ ಎಂಬುದಕ್ಕೆ 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3 ಒಳ್ಳೆಯ ಪುರಾವೆಯನ್ನೇ ಕೊಟ್ಟಿದೆ. ಆದರೆ ಯಂತ್ರಕ್ಕೆ ಹಸಿವಿಲ್ಲ, ಬಾಯಾರಿಕೆಯಿಲ್ಲ. ಮನುಷ್ಯ ಹೋದಾಗಲೇ ಬೆವರು, ಉಸಿರಿನ ತೇವ, ಮೂತ್ರವನ್ನೆಲ್ಲ ಸೋಸಿ ಮತ್ತೆ ಕುಡಿಯುವ ನೀರಾಗಿಸುವ ಒತ್ತಾಯ ಹುಟ್ಟುತ್ತದೆ. ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಆ ಮರುಬಳಕೆ 2023ರ ಹೊತ್ತಿಗೆ ಶೇಕಡಾ 98 ಮುಟ್ಟಿತು. ಬೇಸಿಗೆಯಲ್ಲಿ ಕಪಿಲೆಯ ಮರಳು ಕಂಡವರಿಗೆ ಇದರ ಬೆಲೆ ವಿವರಿಸಬೇಕಿಲ್ಲ. ನಾನು ಹೋಗಬೇಕೆನ್ನುವವರ ಪಕ್ಷ. ಆದರೆ ಆತುರ ಬೇಡ, ಧ್ವಜ ನೆಡುವ ಸಡಗರವೂ ಬೇಡ.

ನೆಲೆಸುವುದೆಂದರೆ ಕೊನೆಗೆ ಬಿತ್ತಿದ ಕಾಳಿನಿಂದ ಮತ್ತೆ ಬಿತ್ತುವ ಕಾಳು ಪಡೆಯುವುದು. ಅದು ಮೊದಲು ಆದದ್ದು 1982ರಲ್ಲಿ, ಎರಡು ವರ್ಷದ ಮೇಲೆ ಶರ್ಮಾ ಕಾಲಿಟ್ಟ ಅದೇ ಸಲ್ಯೂತ್-7ರಲ್ಲಿ. ಸಾಸಿವೆಯ ಬಳಗದ ಒಂದು ಸಣ್ಣ ಗಿಡ ಅಲ್ಲಿ ಹೂಬಿಟ್ಟು ಬೀಜ ಕಟ್ಟಿತ್ತು. ನಮ್ಮ ಹೆಸರುಕಾಳು ಇನ್ನೂ ಮೊಳಕೆಯ ಹಂತದಲ್ಲಿದೆ. ಶುಕ್ಲಾ ಅವರು ನೀರುಣಿಸಿ ಮೊಳೆಸಿದ ಕಾಳನ್ನು ಶೀತಕದಲ್ಲಿಟ್ಟು ಕಾಪಾಡಿದರು. 2025ರ ಜುಲೈ 15ರಂದು ಅವರು ಭೂಮಿಗೆ ಮರಳಿದರು. ಹೆಪ್ಪುಗಟ್ಟಿದ ಆ ಮೊಳಕೆಯಲ್ಲಿ ಸತ್ವ ಎಷ್ಟು ಉಳಿದಿದೆ, ಬೆಳವಣಿಗೆಯ ರಸಗಳು ಹೇಗೆ ಬದಲಾಗಿವೆ ಎಂದು ನೋಡುವ ಕೆಲಸ ಧಾರವಾಡದವರದು.