ಮನೆಯ ವೈರ್‌ಲೆಸ್ ಪ್ರಿಂಟ್ ಸರ್ವರ್: ತೊಡಕುಗಳು, ಕಾರಣಗಳು, ಪರಿಹಾರಗಳು

ಮನೆಯಲ್ಲಿರುವ ಒಂದೇ ಪ್ರಿಂಟರನ್ನು ಎಲ್ಲ ಕಂಪ್ಯೂಟರುಗಳೂ ಮೊಬೈಲುಗಳೂ ತಂತಿಯ ಹಂಗಿಲ್ಲದೆ ಬಳಸುವಂತೆ ಮಾಡುವ ವ್ಯವಸ್ಥೆಗೆ ವೈರ್‌ಲೆಸ್ ಪ್ರಿಂಟ್ ಸರ್ವರ್ ಎಂದು ಹೆಸರು. ಅದು ಪ್ರಿಂಟರಿನೊಳಗೇ ಅಡಕವಾಗಿರಬಹುದು, ಪ್ರತ್ಯೇಕ ಪೆಟ್ಟಿಗೆಯಾಗಿರಬಹುದು, ಅಥವಾ ಕಂಪ್ಯೂಟರೊಂದರಲ್ಲಿ ನಡೆಯುವ ತಂತ್ರಾಂಶವಾಗಿರಬಹುದು. ಕೆಲಸ ಸರಳವೆಂದು ತೋರಿದರೂ ಮೊದಲ ದಿನವೇ ಅನೇಕರ ತಾಳ್ಮೆಯನ್ನು ಪರೀಕ್ಷಿಸುವ ಕೆಲಸವಿದು. ಮೊಬೈಲು, ವೈಫೈ, ಸರ್ವರ್, ಪ್ರಿಂಟರ್ ಎಂಬ ನಾಲ್ಕು ಕೊಂಡಿಗಳಲ್ಲಿ ಯಾವುದು ಕಳಚಿದರೂ ಪರದೆಯಲ್ಲಿ ಕಾಣಿಸಿಕೊಳ್ಳುವುದು ‘ಆಫ್‌ಲೈನ್’ ಎಂಬ ಒಂದೇ ಮಾತು. ಕನ್ನಡ ಮುದ್ರಿಸುವವರಿಗೆ ಲಿಪಿಯು ಐದನೆಯ ಕೊಂಡಿ. ಕಳಚಿದ ಕೊಂಡಿ ಯಾವುದೆಂದು ಕ್ರಮವಾಗಿ ಗುರುತಿಸಿದರೆ ಹೊಸ ಪ್ರಿಂಟರ್ ಕೊಳ್ಳುವ ವೆಚ್ಚವನ್ನು ಎಷ್ಟೋ ಸಲ ಉಳಿಸಬಹುದು.

ಗಡಿನಾಡಿನ ಮನೆಗೆ ಇದೇಕೆ ಬೇಕು?

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ತಕ್ಕ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಲ್ಲಿ ಸೇರಿದ ವಿಧಿಯಿದು. ಆದರೆ ಶಾಲೆಯಿಂದ ಮನೆಗೆ ಬಂದ ಮಗುವಿನ ಕೈಗೆ ಕನ್ನಡದ ಅಭ್ಯಾಸಹಾಳೆ ತಲುಪಿಸುವ ಹೊಣೆ ಬಹುಮಟ್ಟಿಗೆ ಹೆತ್ತವರ ಮೇಲೆಯೇ ಬೀಳುತ್ತದೆ. ಕೇರಳದ ಅಥವಾ ಮಹಾರಾಷ್ಟ್ರದ ಪಠ್ಯಕ್ರಮದಲ್ಲಿ ಓದುವ ಮಗುವಿಗೆ ಕರ್ನಾಟಕದ ಅಂಗಡಿಯ ಗೈಡು ಹೊಂದುವುದಿಲ್ಲ. ಊರಿನ ಅಂಗಡಿಯಲ್ಲಿ ಕನ್ನಡ ಮಾಧ್ಯಮದ ಮಾದರಿ ಪ್ರಶ್ನೆಪತ್ರಿಕೆ ಸುಲಭವಾಗಿ ಸಿಗುವುದಿಲ್ಲ. ಕಾಸರಗೋಡಿನವರಿಗೆ ಕೇರಳದ ‘ಸಮಗ್ರ’ ಜಾಲತಾಣದಲ್ಲಿ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ‘ಬಾಲಭಾರತಿ’ಯ ತಾಣದಲ್ಲಿ ಕನ್ನಡ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ದೊರೆಯುತ್ತವೆ. ಅಧ್ಯಾಪಕರು ಸಿದ್ಧಪಡಿಸಿದ ಟಿಪ್ಪಣಿಗಳು ವಾಟ್ಸ್ಆ್ಯಪ್ ಮೂಲಕ ಮೊಬೈಲಿಗೆ ಬರುತ್ತವೆ. ಮೊಬೈಲಿಗೆ ಬಂದದ್ದು ಕಾಗದಕ್ಕೆ ಇಳಿಯಬೇಕಾದರೆ ಮುದ್ರಣದ ದಾರಿಯೊಂದು ಮನೆಯಲ್ಲಿರಬೇಕು.

ನಾಲ್ಕು ಬಗೆಯ ವ್ಯವಸ್ಥೆಗಳು

ಮೊದಲನೆಯದು, ವೈಫೈ ಅಡಕವಾಗಿರುವ ಪ್ರಿಂಟರ್. ಇಂದು ಹೊಸದಾಗಿ ಕೊಳ್ಳುವವರಿಗೆ ಇದೇ ಸುಲಭ. ಆಪಲ್ ಸಂಸ್ಥೆ 2010ರಲ್ಲಿ ತಂದ ‘ಏರ್‌ಪ್ರಿಂಟ್’ ಹಾಗೂ ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಸಂಸ್ಥೆಗಳು ಕೂಡಿ 2013ರಲ್ಲಿ ಕಟ್ಟಿದ ‘ಮೊಪ್ರಿಯಾ’ ಒಕ್ಕೂಟದ ಮಾನದಂಡ, ಇವೆರಡರಿಂದ ಮೊಬೈಲಿನಲ್ಲಿ ಪ್ರತ್ಯೇಕ ಡ್ರೈವರ್ ಇಲ್ಲದೆಯೂ ಮುದ್ರಿಸುವುದು ಸಾಧ್ಯವಾಯಿತು.

ಎರಡನೆಯದು, ಹಳೆಯ ಯುಎಸ್‌ಬಿ ಪ್ರಿಂಟರಿಗೆ ಜೋಡಿಸುವ ಪ್ರಿಂಟ್ ಸರ್ವರ್ ಪೆಟ್ಟಿಗೆ, ಅಥವಾ ಯುಎಸ್‌ಬಿ ಕಿಂಡಿಯುಳ್ಳ ರೌಟರ್. ಇದು ಅಗ್ಗವೆಂದು ಕಂಡರೂ ಇದರಲ್ಲಿಯೇ ನಿರಾಶೆ ಹೆಚ್ಚು.

ಮೂರನೆಯದು, ಪ್ರಿಂಟರ್ ಜೋಡಿಸಿದ ವಿಂಡೋಸ್ ಕಂಪ್ಯೂಟರಿನಿಂದಲೇ ಅದನ್ನು ಹಂಚಿಕೊಳ್ಳುವುದು. ಆ ಕಂಪ್ಯೂಟರ್ ಆರಿಸಿದ್ದರೆ ಅಥವಾ ನಿದ್ರಾಸ್ಥಿತಿಗೆ ಹೋಗಿದ್ದರೆ ಮುದ್ರಣವಿಲ್ಲ. ಅಲ್ಲದೆ ಹೀಗೆ ಹಂಚಿದ ಪ್ರಿಂಟರ್ ಬೇರೆ ಕಂಪ್ಯೂಟರುಗಳಿಗೆ ಕಂಡರೂ ಮೊಬೈಲುಗಳಿಗೆ ನೇರವಾಗಿ ಕಾಣಿಸುವುದಿಲ್ಲ.

ನಾಲ್ಕನೆಯದು, ಲಿನಕ್ಸ್ ಕಂಪ್ಯೂಟರ್ ಅಥವಾ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ‘ಕಪ್ಸ್’ ಎಂಬ ಮುಕ್ತ ತಂತ್ರಾಂಶವನ್ನು ನಡೆಸುವುದು. 1999ರಲ್ಲಿ ಮೊದಲು ಬಿಡುಗಡೆಯಾದ ಕಪ್ಸ್ ಇಂದು ಲಿನಕ್ಸ್‌ನಲ್ಲಿಯೂ ಆಪಲ್‌ನ ಮ್ಯಾಕ್ ಕಂಪ್ಯೂಟರುಗಳಲ್ಲಿಯೂ ಮುದ್ರಣದ ಬೆನ್ನೆಲುಬು. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಬಳಸುವ ಉಬುಂಟು ಆಧಾರಿತ ಲಿನಕ್ಸ್‌ನಲ್ಲಿಯೂ ಮುದ್ರಣ ನಡೆಯುವುದು ಇದರಿಂದಲೇ. ಹಾಗಾಗಿ ಕಾಸರಗೋಡಿನ ಹೈಸ್ಕೂಲು ವಿದ್ಯಾರ್ಥಿಗೆ ಇದು ತೀರ ಅಪರಿಚಿತವಾದ ಲೋಕವೇನಲ್ಲ. ಬದಿಗಿಟ್ಟ ಹಳೆಯ ಕಂಪ್ಯೂಟರ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು.

ಮೊದಲ ತೊಡಕು: ವೈಫೈಗೆ ಸೇರದ ಪ್ರಿಂಟರ್

ಮನೆಯ ರೌಟರುಗಳು ಸಾಮಾನ್ಯವಾಗಿ 2.4 ಹಾಗೂ 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ಕಡಿಮೆ ಬೆಲೆಯ ಅನೇಕ ಪ್ರಿಂಟರುಗಳಿಗೂ ರಾಸ್‌ಬೆರಿ ಪೈ ಝೀರೋ ಮಾದರಿಯ ವೈಫೈ ಆವೃತ್ತಿಗಳಿಗೂ 2.4 ಮಾತ್ರ ತಿಳಿದಿದೆ. ಎರಡೂ ಪಟ್ಟಿಗಳಿಗೆ ಒಂದೇ ಹೆಸರಿಟ್ಟಿರುವ ರೌಟರಿನಲ್ಲಿ ಮೊಬೈಲು 5ಕ್ಕೆ ಸೇರಿಕೊಂಡಿದ್ದರೆ ಪ್ರಿಂಟರನ್ನು ಹೊಂದಿಸುವ ಆ್ಯಪ್ ಸೋಲಬಹುದು. ಹೊಂದಿಸುವಷ್ಟು ಹೊತ್ತು 5 ಗಿಗಾಹರ್ಟ್ಸ್ ಪಟ್ಟಿಯನ್ನು ಆರಿಸಿದರೆ, ಇಲ್ಲವೆ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟರೆ ಕೆಲಸವಾಗುತ್ತದೆ. ರೌಟರಿನ ಭದ್ರತೆಯನ್ನು ಡಬ್ಲ್ಯುಪಿಎ3 ಒಂದಕ್ಕೇ ಸೀಮಿತಗೊಳಿಸಿದ್ದರೆ ಹಳೆಯ ಸಾಧನಗಳು ಸೇರಲಾರವು. ಡಬ್ಲ್ಯುಪಿಎ2 ಕೂಡ ಇರುವ ಮಿಶ್ರ ಆಯ್ಕೆಯನ್ನು ಇಟ್ಟುಕೊಳ್ಳಬೇಕು.

ಎರಡನೆಯ ತೊಡಕು: ನಿನ್ನೆ ಇದ್ದದ್ದು ಇಂದು ಆಫ್‌ಲೈನ್

ರೌಟರ್ ಪ್ರತಿಯೊಂದು ಸಾಧನಕ್ಕೂ ಐಪಿ ವಿಳಾಸವೆಂಬ ಸಂಖ್ಯೆಯನ್ನು ತಾತ್ಕಾಲಿಕವಾಗಿ ಕೊಡುತ್ತದೆ. ಮಳೆಗಾಲದಲ್ಲಿ ವಿದ್ಯುತ್ ಹೋಗಿ ಬಂದ ಬಳಿಕ ಪ್ರಿಂಟರಿಗೆ ಬೇರೆ ವಿಳಾಸ ಸಿಕ್ಕರೆ, ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಕಾಗದಪತ್ರ ಕಳುಹಿಸುತ್ತಿರುತ್ತದೆ. ಮನೆ ಬದಲಿಸಿದವರಿಗೆ ಹಳೆಯ ವಿಳಾಸಕ್ಕೆ ಅಂಚೆ ಬಂದಂತೆ ಇದು. ರೌಟರಿನ ಪುಟದಲ್ಲಿ ಡಿಎಚ್‌ಸಿಪಿ ಎಂಬ ವಿಭಾಗಕ್ಕೆ ಹೋಗಿ ಪ್ರಿಂಟರಿಗೆ ಒಂದು ವಿಳಾಸವನ್ನು ಕಾಯ್ದಿರಿಸಿದರೆ ಈ ತೊಡಕು ಶಾಶ್ವತವಾಗಿ ತೀರುತ್ತದೆ. ಪ್ರಿಂಟ್ ಸರ್ವರ್ ಸಂಬಂಧದ ದೂರುಗಳಲ್ಲಿ ಇಷ್ಟು ಚಿಕ್ಕ ಕೆಲಸದಿಂದ ಇಷ್ಟು ದೊಡ್ಡ ನೆಮ್ಮದಿ ಕೊಡುವುದು ಬೇರೊಂದಿಲ್ಲ.

ಮೂರನೆಯ ತೊಡಕು: ಒಂದೇ ಮನೆ, ಎರಡು ಜಾಲ

ಫೈಬರ್ ಸಂಪರ್ಕ ಕೊಟ್ಟವರ ಪೆಟ್ಟಿಗೆಯೊಂದು, ನಾವೇ ಕೊಂಡ ರೌಟರ್ ಇನ್ನೊಂದು, ಹೀಗೆ ಎರಡಿರುವ ಮನೆಗಳು ಅನೇಕ. ಎರಡೂ ರೌಟರಿನಂತೆಯೇ ವರ್ತಿಸುತ್ತಿದ್ದರೆ ಎರಡು ಪ್ರತ್ಯೇಕ ಜಾಲಗಳಾಗುತ್ತವೆ. ಮೊಬೈಲಿನ ವಿಳಾಸ 192.168.0 ಎಂದೂ ಪ್ರಿಂಟರಿನ ವಿಳಾಸ 192.168.1 ಎಂದೂ ಆರಂಭವಾಗಿದ್ದರೆ ಅವೆರಡೂ ಬೇರೆ ಜಾಲದಲ್ಲಿವೆ ಎಂದು ತಿಳಿಯಬೇಕು. ಮೊಬೈಲು ಪ್ರಿಂಟರನ್ನು ಹುಡುಕಲು ಕೂಗುವ ಕೂಗು ಒಂದು ಜಾಲದಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಎರಡನೆಯ ರೌಟರನ್ನು ‘ಆಕ್ಸೆಸ್ ಪಾಯಿಂಟ್’ ಸ್ಥಿತಿಗೆ ಬದಲಿಸುವುದೇ ಪರಿಹಾರ. ಅತಿಥಿಗಳಿಗಾಗಿ ಮೀಸಲಿಟ್ಟ ‘ಗೆಸ್ಟ್’ ವೈಫೈಗೆ ಸೇರಿದ ಮೊಬೈಲಿಗೂ ಇದೇ ಕಾರಣದಿಂದ ಪ್ರಿಂಟರ್ ಕಾಣಿಸುವುದಿಲ್ಲ.

ನಾಲ್ಕನೆಯ ತೊಡಕು: ಹಳೆಯ ಪ್ರಿಂಟರಿನ ಪರಾವಲಂಬನೆ

ನಮ್ಮ ದೇಶದ ಮನೆ, ಅಂಗಡಿ, ಕಚೇರಿಗಳಲ್ಲಿ ಬಹಳವಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020 ಮಾದರಿಗಳು ಗಟ್ಟಿಮುಟ್ಟಾದವು. ಆದರೆ ಪುಟವನ್ನು ಚುಕ್ಕಿಗಳಾಗಿ ಪರಿವರ್ತಿಸುವ ಕೆಲಸವನ್ನು ಅವು ಕಂಪ್ಯೂಟರಿಗೇ ಬಿಡುತ್ತವೆ. ಲೇಸರ್‌ಜೆಟ್ 1020ಕ್ಕೆ ವಿದ್ಯುತ್ ಹಾಕಿದಾಗಲೆಲ್ಲ ಅದರ ಫರ್ಮ್‌ವೇರ್ ಕಂಪ್ಯೂಟರಿನಿಂದಲೇ ಬರಬೇಕು; ಎಲ್‌ಬಿಪಿ 2900 ತನ್ನದೇ ಆದ ‘ಕ್ಯಾಪ್ಟ್’ ಎಂಬ ಭಾಷೆಯನ್ನು ಮಾತ್ರ ಬಲ್ಲುದು. ಬಂದದ್ದನ್ನು ಹಾಗೆಯೇ ಮುಂದಕ್ಕೆ ದಾಟಿಸುವ ಸಾಮಾನ್ಯ ಪ್ರಿಂಟ್ ಸರ್ವರ್ ಪೆಟ್ಟಿಗೆ ಇಂಥ ಪ್ರಿಂಟರುಗಳ ಜೊತೆ ಸೋಲುವುದು ಇದರಿಂದ. ಪೆಟ್ಟಿಗೆ ಕೊಳ್ಳುವ ಮುನ್ನ ಅದರ ತಯಾರಕರು ಕೊಡುವ ಹೊಂದಾಣಿಕೆಯ ಪಟ್ಟಿಯಲ್ಲಿ ನಮ್ಮ ಪ್ರಿಂಟರಿನ ಮಾದರಿ ಇದೆಯೇ ಎಂದು ನೋಡಲೇಬೇಕು. ಸ್ಕ್ಯಾನರ್ ಕೂಡ ಇರುವ ಪ್ರಿಂಟರಾದರೆ ಪೆಟ್ಟಿಗೆಯ ಮೂಲಕ ಸ್ಕ್ಯಾನಿಂಗ್ ನಡೆಯದಿರಬಹುದು.

1020ಕ್ಕೆ ಲಿನಕ್ಸ್‌ನಲ್ಲಿ ಮುಕ್ತ ಡ್ರೈವರ್ ಇದ್ದು, ರಾಸ್‌ಬೆರಿ ಪೈಯಲ್ಲಿಯೂ ನಡೆಯುತ್ತದೆ. 2900ಕ್ಕೆ ತಯಾರಕರ ಲಿನಕ್ಸ್ ಡ್ರೈವರ್ ಇಂಟೆಲ್ ಬಗೆಯ ಪ್ರೊಸೆಸರಿಗಾಗಿ ಮಾತ್ರ ಇರುವುದರಿಂದ ಪೈಗಿಂತ ಹಳೆಯ ಕಂಪ್ಯೂಟರೇ ಲೇಸು.

ಪ್ರತಿ ಹಾಳೆಯ ತಲೆಯ ಮೇಲೆ ಒಂದು ಸಾಲು ವಿಚಿತ್ರ ಚಿಹ್ನೆಗಳು ಬಿದ್ದು ಹಾಳೆಗಳು ಒಂದೇ ಸಮನೆ ಹೊರಬರತೊಡಗಿದರೆ ಪ್ರಿಂಟರ್ ಕೆಟ್ಟಿದೆಯೆಂದಲ್ಲ. ಅದಕ್ಕೆ ಅರ್ಥವಾಗದ ಭಾಷೆಯಲ್ಲಿ ಆದೇಶ ಹೋಗಿದೆ. ಕಾಗದ ತೆಗೆದು, ಸರದಿಯಲ್ಲಿರುವ ಕೆಲಸವನ್ನು ಅಳಿಸಿ, ಸರಿಯಾದ ಡ್ರೈವರನ್ನು ಹಾಕಬೇಕು.

ಐದನೆಯ ತೊಡಕು: ಮುರಿದು ಬೀಳುವ ಕನ್ನಡ

ಕನ್ನಡ ಮಾಧ್ಯಮದ ಮನೆಗಳು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಇದನ್ನೇ. ಅಧ್ಯಾಪಕರು ಕಳುಹಿಸಿದ ವರ್ಡ್ ಕಡತ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡರೆ ಅದು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕಡತ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತವೆ. ಫಾಂಟ್ ಇಲ್ಲದ ಕಡೆ ಹಿಂದಿನ ಇಂಗ್ಲಿಷ್ ಅಕ್ಷರಗಳೇ ಮೇಲೆ ಬರುತ್ತವೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನಗಳಿರುವುದರಿಂದ ಈ ಗೊಂದಲವಿಲ್ಲ. ಆದರೆ ಅಲ್ಲಿಯೂ ಒತ್ತಕ್ಷರಗಳನ್ನು ಕೂಡಿಸಲಾರದ ತಂತ್ರಾಂಶದ ಮೂಲಕ ಹಾದರೆ ‘ಶಾಸ್ತ್ರ’ ಎಂಬುದು ‘ಶಾಸ್‌ತ್‌ರ’ ಎಂದು ಅಚ್ಚಾಗುತ್ತದೆ. ಓದಲು ಕಲಿಯುತ್ತಿರುವ ಮಗುವಿನ ಮುಂದೆ ಇಂಥ ಹಾಳೆಯನ್ನು ಇಡುವುದಕ್ಕಿಂತ ಇಡದಿರುವುದೇ ಒಳಿತು.

ಪರಿಹಾರವು ಮುದ್ರಿಸುವವರ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ಕಳುಹಿಸುವವರ ಕೈಯಲ್ಲಿದೆ. ಫಾಂಟ್ ಇರುವ ಕಂಪ್ಯೂಟರಿನಲ್ಲಿಯೇ ಕಡತವನ್ನು ಪಿಡಿಎಫ್ ಆಗಿ ಉಳಿಸಿದರೆ ಅಕ್ಷರಗಳ ಆಕಾರವೂ ಕಡತದೊಳಗೆ ಅಡಕವಾಗುತ್ತದೆ. ಆ ಪಿಡಿಎಫ್ ಮಲಯಾಳ, ಮರಾಠಿ, ತಮಿಳು ಅಥವಾ ತೆಲುಗು ಮಾತ್ರ ಬಲ್ಲ ಡಿಟಿಪಿ ಅಂಗಡಿಯಲ್ಲಿಯೂ ಕನ್ನಡವಾಗಿಯೇ ಅಚ್ಚಾಗುತ್ತದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ತರಲು ನುಡಿ, ಬರಹ ತಂತ್ರಾಂಶಗಳಲ್ಲಿಯೇ ಪರಿವರ್ತಕಗಳಿವೆ. ಪರದೆಯಲ್ಲಿ ಸರಿಯಿದ್ದ ಪಿಡಿಎಫ್ ಕಾಗದದಲ್ಲಿ ಕೆಟ್ಟರೆ, ಅಡೋಬಿ ರೀಡರಿನ ಮುದ್ರಣ ಪುಟದಲ್ಲಿ ‘ಅಡ್ವಾನ್ಸ್‌ಡ್’ ಒತ್ತಿ ‘ಪ್ರಿಂಟ್ ಆ್ಯಸ್ ಇಮೇಜ್’ ಆಯ್ದುಕೊಳ್ಳಬೇಕು. ಆಗ ಪುಟವು ಚಿತ್ರವಾಗಿ ಹೋಗುವುದರಿಂದ ಸ್ವಲ್ಪ ತಡವಾದರೂ ಅಕ್ಷರಗಳು ಒಡೆಯುವುದಿಲ್ಲ.

ತಪಾಸಣೆಯ ಕ್ರಮ

1. ಪ್ರಿಂಟರನ್ನು ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ಪರೀಕ್ಷಾ ಪುಟವೊಂದನ್ನು ಮುದ್ರಿಸಿರಿ. ಇಲ್ಲಿಯೇ ಸೋತರೆ ದೋಷ ವೈಫೈಯದಲ್ಲ.

2. ಪ್ರಿಂಟರ್ ಅಥವಾ ಸರ್ವರಿನ ಐಪಿ ವಿಳಾಸವನ್ನು ನೋಡಿರಿ. ಅದು 169.254 ಎಂದು ಆರಂಭವಾಗಿದ್ದರೆ ರೌಟರಿನಿಂದ ವಿಳಾಸವೇ ದೊರೆತಿಲ್ಲ.

3. ಆ ವಿಳಾಸವನ್ನು ಮೊಬೈಲಿನ ಬ್ರೌಸರಿನಲ್ಲಿ ಬರೆಯಿರಿ. ವೈಫೈ ಪ್ರಿಂಟರುಗಳಲ್ಲಿ ಬಹುತೇಕವು ತಮ್ಮ ಪುಟವನ್ನು ತೋರಿಸುತ್ತವೆ. ಕಪ್ಸ್ ಸರ್ವರಾದರೆ ವಿಳಾಸದ ಬಳಿಕ ಕೋಲನ್ ಚಿಹ್ನೆ ಹಾಕಿ 631 ಎಂದು ಬರೆಯಬೇಕು. ಪುಟ ತೆರೆದರೆ ಜಾಲ ಸರಿಯಿದೆ.

4. ಪುಟ ತೆರೆದರೂ ಪ್ರಿಂಟರ್ ಪಟ್ಟಿಯಲ್ಲಿ ಕಾಣದಿದ್ದರೆ, ಕಪ್ಸ್‌ನಲ್ಲಿ ಪ್ರಿಂಟರುಗಳನ್ನು ಹಂಚುವ ಆಯ್ಕೆಯನ್ನೂ ಆ ನಿರ್ದಿಷ್ಟ ಪ್ರಿಂಟರನ್ನು ಹಂಚುವ ಆಯ್ಕೆಯನ್ನೂ ಗುರುತು ಮಾಡಲಾಗಿದೆಯೇ ನೋಡಿರಿ. ಎರಡೂ ಬೇಕು. ಆಂಡ್ರಾಯ್ಡ್ ಮೊಬೈಲಿನಲ್ಲಿ ಮುದ್ರಣ ಸೇವೆಯನ್ನು ಚಾಲೂ ಮಾಡಿರಬೇಕು.

5. ವಿಂಡೋಸ್ ಕಂಪ್ಯೂಟರಾದರೆ ಜಾಲವನ್ನು ‘ಪ್ರೈವೇಟ್’ ಎಂದು ಗುರುತಿಸಿರಿ. 2021ರ ಆಗಸ್ಟಿನ ಭದ್ರತಾ ಬದಲಾವಣೆಯ ಬಳಿಕ ಹಂಚಿದ ಪ್ರಿಂಟರಿನ ಡ್ರೈವರ್ ಹಾಕಲು ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು.

6. ಕೊನೆಯಲ್ಲಿ ಒತ್ತಕ್ಷರಗಳಿರುವ ಕನ್ನಡದ ಪಿಡಿಎಫ್ ಒಂದನ್ನು ಮುದ್ರಿಸಿ ಓದಿ ನೋಡಿರಿ. ಇಂಗ್ಲಿಷಿನ ಪರೀಕ್ಷಾ ಪುಟ ಚೆನ್ನಾಗಿ ಬಂದಿತೆಂದು ಕೆಲಸ ಮುಗಿದಂತಲ್ಲ.

ವಿದ್ಯುತ್ತು, ಭದ್ರತೆ, ಹಂಚಿಕೆ

ವಿದ್ಯುತ್ ಬಂದೊಡನೆ ಪ್ರಿಂಟರ್ ಬೇಗ ಎಚ್ಚೆತ್ತು, ರೌಟರ್ ತಡವಾಗಿ ಸಿದ್ಧವಾಗುವುದುಂಟು. ಆಗ ಎರಡು ಮೂರು ನಿಮಿಷ ಕಾದು ಪ್ರಿಂಟರನ್ನು ಮತ್ತೊಮ್ಮೆ ಆರಿಸಿ ಹಾಕಿದರೆ ಸಾಕು. ರಾಸ್‌ಬೆರಿ ಪೈಯ ವಿದ್ಯುತ್ ಹಠಾತ್ತನೆ ಹೋದರೆ ಅದರ ಮೆಮೊರಿ ಕಾರ್ಡ್ ಕೆಡಬಹುದು. ಅದಕ್ಕೂ ರೌಟರಿಗೂ ಸಣ್ಣ ಯುಪಿಎಸ್ ಇರಲಿ. ಲೇಸರ್ ಪ್ರಿಂಟರನ್ನು ಮಾತ್ರ ಸಣ್ಣ ಯುಪಿಎಸ್‌ಗೆ ಜೋಡಿಸಬಾರದು. ಶಾಯಿಪುಡಿಯನ್ನು ಕಾಗದಕ್ಕೆ ಕಾಯಿಸಿ ಅಂಟಿಸುವ ಭಾಗವು ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ.

ಮನೆಯ ಹೊರಗಿಂದ ಮುದ್ರಿಸಲೆಂದು ರೌಟರಿನ ಕಿಂಡಿಗಳನ್ನು ಇಂಟರ್ನೆಟ್ಟಿಗೆ ತೆರೆಯಬಾರದು. ಯಾರು ಬೇಕಾದರೂ ಪ್ರಿಂಟರಿಗೆ ಆದೇಶ ಕಳುಹಿಸುವ ದಾರಿಯಾಗುತ್ತದೆ. ಬೇರೆಯವರ ಇಂಟರ್ನೆಟ್ ಸೇವೆಯನ್ನೇ ನಂಬಿದ ವ್ಯವಸ್ಥೆಯೂ ಚಿರಸ್ಥಾಯಿಯಲ್ಲ. ಗೂಗಲ್ 2010ರಲ್ಲಿ ಆರಂಭಿಸಿದ ‘ಕ್ಲೌಡ್ ಪ್ರಿಂಟ್’ 2020ರ ಡಿಸೆಂಬರ್ 31ರಂದು ಮುಚ್ಚಿತು. ಅದೊಂದನ್ನೇ ಆಶ್ರಯಿಸಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ಮನೆಯ ಜಾಲದೊಳಗೇ ನಡೆಯುವ ಕಪ್ಸ್‌ನಂಥ ವ್ಯವಸ್ಥೆಗೆ ಆ ಭಯವಿಲ್ಲ.

ಒಂದು ತರಗತಿಯ ನಾಲ್ಕೈದು ಮನೆಗಳು ಸಮೀಪದಲ್ಲಿದ್ದರೆ ಎಲ್ಲರೂ ಪ್ರಿಂಟರ್ ಕೊಳ್ಳಬೇಕಾಗಿಲ್ಲ. ಒಂದು ಮನೆಯಲ್ಲಿ ಸರ್ವರ್ ಸರಿಯಾಗಿ ನಿಂತರೆ ಉಳಿದವರು ಕಾಗದ, ಶಾಯಿಯ ಖರ್ಚನ್ನು ಹಂಚಿಕೊಳ್ಳಬಹುದು. ರೌಟರಿನ ಹೆಸರು, ಪ್ರಿಂಟರಿನ ಕಾಯ್ದಿರಿಸಿದ ವಿಳಾಸ, ಡ್ರೈವರಿನ ಹೆಸರು, ಮೇಲಿನ ಆರು ಹಂತಗಳು, ಇವಿಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಮುದ್ರಿಸಿ ಪ್ರಿಂಟರಿನ ಪಕ್ಕದ ಗೋಡೆಗೆ ಅಂಟಿಸಿರಿ. ಪಾಸ್‌ವರ್ಡನ್ನು ಮಾತ್ರ ಅದರಲ್ಲಿ ಬರೆಯಬೇಡಿರಿ. ಹೊಂದಿಸಿದವರು ಊರಲ್ಲಿಲ್ಲದ ದಿನ ಪ್ರಿಂಟರ್ ಆಫ್‌ಲೈನ್ ಎಂದರೆ, ಆ ಹಾಳೆಯನ್ನು ಓದಿ ಎಂಟನೆಯ ತರಗತಿಯ ಮಗುವೂ ಅದನ್ನು ಸರಿಪಡಿಸಬಹುದು.